ಮನೆ ಅಕ್ವೇರಿಯಂಗೆ ಎಷ್ಟು ಮೀನು ಹಾಕ್ಬಹುದು? ಪದೇ ಪದೇ ಕೇಳೋ ಪ್ರಶ್ನೆಗಳು

ಟ್ಯಾಂಕ್ ತಂದವರೆಲ್ಲ ಕೇಳೋ ಮೊದಲ್ನೇ ಪ್ರಶ್ನೆ ಇದು, ಆದ್ರೆ ಮುಕ್ಕಾಲು ಪಾಲು ಜನ ಕೇಳೋದು ಮೀನು ತಂದು ಬಿಟ್ಟಾದ ಮೇಲೆ, ಎರಡು ಸತ್ತಾದ ಮೇಲೆ. ನಾನೂ ಹಂಗೇ ಕಲ್ತಿದ್ದು. ಕೆಳಗಿರೋದೆಲ್ಲ ಸಿಹಿನೀರಿನ ಟ್ಯಾಂಕಿಗೆ ಮಾತ್ರ, ಸಮುದ್ರದ ಮೀನಿನ ಕಥೆನೇ ಬೇರೆ.

ನಂದು 2 ಅಡಿ ಟ್ಯಾಂಕು. ಸುಮ್ನೆ ಒಂದೇ ಮಾತಲ್ಲಿ ಹೇಳಿ, ಎಷ್ಟು ಮೀನು?

2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಮಾಮೂಲಿ ಟ್ಯಾಂಕ್, ಒಂದು ಸರಿಯಾದ ಫಿಲ್ಟರ್, ವಾರಕ್ಕೊಂದ್ಸಲ ನೀರು ಬದಲಾಯಿಸ್ತೀನಿ ಅನ್ನೋ ಹಾಗಿದ್ರೆ: ನಿಯಾನ್ ಟೆಟ್ರಾ ತರದ ಸಣ್ಣ ಮೀನು 8ರಿಂದ 10, ಜೊತೆಗೆ ತಳದಲ್ಲಿ ಓಡಾಡೋ ಸಣ್ಣ ಜಾತಿ ಕೋರಿ 6. ಅಥವಾ ಬರೀ ಗಂಡು ಗಪ್ಪಿ 8-10. ಅಥವಾ ಪ್ಲಾಟಿ 6. ಗೋಲ್ಡ್ ಫಿಶ್ ಆದ್ರೆ ಸೊನ್ನೆ.

ಹೌದು, ಸೊನ್ನೆ. ಯಾಕೆ ಅಂತ ಮುಂದೆ ಹೇಳ್ತೀನಿ, ಈಗ್ಲೇ ಬೈಬೇಡಿ.

ನನ್ನ ಟ್ಯಾಂಕಲ್ಲಿ ಎಷ್ಟು ಲೀಟರ್ ಇದೆ ಅಂತ ಹೇಗೆ ಗೊತ್ತಾಗತ್ತೆ?

ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರಲ್ಲಿ ಅಳೆದು ಗುಣಿಸಿ, 1000ದಿಂದ ಭಾಗಿಸಿ. 60, 30, 30 ಆದ್ರೆ 54 ಲೀಟರ್. ಆದ್ರೆ ಇದು ಖಾಲಿ ಗಾಜಿನ ಲೆಕ್ಕ. ಮೇಲೆ ಮೂರ್ನಾಲ್ಕು ಸೆಂಟಿಮೀಟರ್ ಬಿಟ್ಟಿರ್ತೀರಿ, ಕೆಳಗೆ ಎರಡಿಂಚು ಗ್ರಾವೆಲ್ ಹಾಕಿರ್ತೀರಿ, ಒಂದು ಕಲ್ಲು, ಒಂದು ಮರದ ಬೊಡ್ಡೆ, ಯಾರೋ ಗಿಫ್ಟ್ ಕೊಟ್ಟ ಪ್ಲಾಸ್ಟಿಕ್ ಹಡಗು, ಎಲ್ಲಾ ಕಳೆದ್ರೆ ನಿಜವಾದ ನೀರು 40 ಲೀಟರ್ ಆಸುಪಾಸು ಉಳಿಯತ್ತೆ. ಇದಕ್ಕಿಂತ ಸುಲಭ ಅಂದ್ರೆ ಮೊದಲ್ನೇ ಸಲ ತುಂಬ್ಸೋವಾಗ ಎಷ್ಟು ಬಕೆಟ್ ಹಿಡೀತು ಅಂತ ಎಣಿಸ್ಕೊಳ್ಳಿ, ಅದೇ ಸತ್ಯ.

ಅಡಿ ಲೆಕ್ಕದವರಿಗೆ: ಒಂದು ಘನ ಅಡಿಗೆ ಸುಮಾರು 28 ಲೀಟರ್. ಅಂದ್ರೆ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕು ಖಾಲಿ ಲೆಕ್ಕದಲ್ಲಿ 190 ಲೀಟರ್. 190 ಲೀಟರ್ ಅಂದ್ರೆ ನೀರೇ 190 ಕೆಜಿ, ಗಾಜು ಕಲ್ಲು ಬೇರೆ. ಹಾಲಲ್ಲಿರೋ ಪ್ಲೈವುಡ್ ಶೋಕೇಸ್ ಮೇಲೆ ಇಡೋ ಯೋಚ್ನೆ ಇದ್ರೆ ಬಿಟ್ಬಿಡಿ.

ಒಂದು ಇಂಚು ಮೀನಿಗೆ ಒಂದು ಗ್ಯಾಲನ್ ಅಂತ ಎಲ್ಲಾ ಕಡೆ ಹೇಳ್ತಾರಲ್ಲ, ಅದು ಸರಿನಾ?

ಇದು ಅಮೆರಿಕದ ಕಡೆಯಿಂದ ಬಂದ ಹಳೇ ಲೆಕ್ಕ. ಅವರ ಗ್ಯಾಲನ್ ಅಂದ್ರೆ 3.8 ಲೀಟರ್. 40 ಲೀಟರ್ ನೀರಿಗೆ ಹತ್ತೂವರೆ ಇಂಚು ಮೀನು ಅಂತಾಯ್ತು. ಒಂದೂವರೆ ಇಂಚಿನ ನಿಯಾನ್ ಟೆಟ್ರಾ ಆದ್ರೆ 7, ಇದು ಪರವಾಗಿಲ್ಲ, ಸ್ವಲ್ಪ ಕಂಜೂಸ್ ಲೆಕ್ಕ ಅನ್ನಬಹುದು ಅಷ್ಟೆ. ಆದ್ರೆ ಅದೇ ಲೆಕ್ಕ ಹಿಡ್ಕೊಂಡು ಹತ್ತಿಂಚಿನ ಆಸ್ಕರ್ ಒಂದನ್ನ ಅದೇ ಟ್ಯಾಂಕಿಗೆ ಬಿಡಿ ನೋಡೋಣ, ಟ್ಯಾಂಕ್ ಅಗಲನೇ 12 ಇಂಚು, ಮೀನು ತಿರುಗಿಕೊಳ್ಳೋದಕ್ಕೂ ಜಾಗ ಇರಲ್ಲ, ಆಟೋದಲ್ಲಿ ಬೀರು ಸಾಗಿಸ್ದಂಗೆ.

ತಪ್ಪು ಎಲ್ಲಿದೆ ಅಂದ್ರೆ ಇಂಚು ಉದ್ದ ಮಾತ್ರ ಅಳೆಯತ್ತೆ. ಮೀನು ಉದ್ದ ಆದಾಗ ದಪ್ಪನೂ ಆಗತ್ತೆ, ಎತ್ತರನೂ ಆಗತ್ತೆ. 3 ಸೆಂಟಿಮೀಟರ್ ಮೀನಿನ ಪಕ್ಕ ಅದೇ ಆಕಾರದ 12 ಸೆಂಟಿಮೀಟರ್ ಮೀನು ಇಟ್ರೆ ಉದ್ದ 4 ಪಟ್ಟು, ತೂಕ 64 ಪಟ್ಟು. ತಿನ್ನೋದು, ಗಲೀಜು ಮಾಡೋದು ಪೂರ್ತಿ 64 ಪಟ್ಟು ಆಗಲ್ಲ, ದೊಡ್ಡ ಪ್ರಾಣಿ ಗ್ರಾಂ ಲೆಕ್ಕದಲ್ಲಿ ಸ್ವಲ್ಪ ಕಮ್ಮಿನೇ ತಿನ್ನತ್ತೆ, ಆದ್ರೂ 4 ಪಟ್ಟು ಅಂತೂ ಅಲ್ವೇ ಅಲ್ಲ, 20ರ ಮೇಲೇ ಹೋಗತ್ತೆ. ಹಂಗಾಗಿ ಎರಡಿಂಚು ದಾಟದ, ಸಪೂರ ಮೀನಿಗೆ ಮಾತ್ರ ಈ ಲೆಕ್ಕ ಇಟ್ಕೊಳ್ಳಿ. ಇಂಚು ಅಂದಾಗ ಅಂಗಡೀಲಿ ಕಂಡ ಇಂಚಲ್ಲ, ಪೂರ್ತಿ ಬೆಳೆದ ಮೇಲಿನ ಇಂಚು.

ಎತ್ತರದ ಟ್ಯಾಂಕ್ ತಗೊಂಡ್ರೆ ನೀರು ಜಾಸ್ತಿ, ಮೀನೂ ಜಾಸ್ತಿ ಹಾಕ್ಬಹುದಲ್ವಾ?

ಅಷ್ಟು ಸಲೀಸಲ್ಲ. ಆಕ್ಸಿಜನ್ ನೀರೊಳಗೆ ಹೋಗೋದು ಮೇಲ್ಮೈಯಿಂದ. 1 ಅಡಿ ಎತ್ತರದ ಟ್ಯಾಂಕಿಗೂ ಒಂದೂವರೆ ಅಡಿ ಎತ್ತರದ್ದಕ್ಕೂ ಮೇಲ್ಮೈ ಒಂದೇ, ಬಾಗಿಲು ಅದೇ, ಒಳಗೆ ಮನೆ ಮಾತ್ರ ದೊಡ್ಡದು. ಇದನ್ನ ಹಿಡಿದು ಇನ್ನೊಂದು ಹಳೇ ಲೆಕ್ಕ ಇದೆ: ಒಂದಿಂಚು ಬೆಚ್ಚಗಿನ ನೀರಿನ ಮೀನಿಗೆ 12 ಚದರ ಇಂಚು ಮೇಲ್ಮೈ, ಗೋಲ್ಡ್ ಫಿಶ್ ತರದ್ದಕ್ಕೆ 30 ಚದರ ಇಂಚು. 2 ಅಡಿ ಟ್ಯಾಂಕ್ ಮೇಲ್ಮೈ 288 ಚದರ ಇಂಚು, ಅಂದ್ರೆ 24 ಇಂಚು ಸಣ್ಣ ಮೀನು.

ನೋಡಿ ಈಗ, ಗ್ಯಾಲನ್ ಲೆಕ್ಕ ಹತ್ತಿಂಚು ಅಂತು, ಮೇಲ್ಮೈ ಲೆಕ್ಕ 24 ಇಂಚು ಅಂತಿದೆ, ಟ್ಯಾಂಕು ಅದೇ! ಎರಡನ್ನೂ ಶಾಸನ ಅಂತ ನಂಬೋರು ಇದಕ್ಕೇನಂತಾರೋ ಗೊತ್ತಿಲ್ಲ. ಉದ್ದ-ಅಗಲ ಇರೋ ಟ್ಯಾಂಕು ಎತ್ತರದ ಟ್ಯಾಂಕಿಗಿಂತ ಒಳ್ಳೇದು, ಇಷ್ಟನ್ನ ಮಾತ್ರ ಇದ್ರಿಂದ ತಗೊಳ್ಳಿ. ಏಂಜಲ್ ಫಿಶ್ ಸಾಕೋರಿಗೆ ಮಾತ್ರ ಎತ್ತರ ಬೇಕೇ ಬೇಕು, ಅದರ ಮೇಲಿನ ರೆಕ್ಕೆಯಿಂದ ಕೆಳಗಿನದ್ದರ ತನಕ 20 ಸೆಂಟಿಮೀಟರ್ ಬರತ್ತೆ.

ಹಾಗಾದ್ರೆ ನೀವು ಯಾವ ಲೆಕ್ಕ ಇಟ್ಕೊಂಡಿದೀರಾ?

ಕರೆಂಟ್ ಹೋದ ದಿನದ ಲೆಕ್ಕ. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಿಂದ ಹೊರಡೋ ಬಸ್ ನೆನಪು ಮಾಡ್ಕೊಳ್ಳಿ, 55 ಸೀಟಿಗೆ 90 ಜನ, ಬಸ್ ಓಡ್ತಿರೋ ತನಕ ಕಿಟಕಿಯಿಂದ ಗಾಳಿ ಬರತ್ತೆ, ಹೇಗೋ ನಡೆಯತ್ತೆ, ಎಲ್ರೂ ಅಡ್ಜಸ್ಟ್ ಮಾಡ್ಕೊಂಡಿರ್ತಾರೆ, ಅದೇ ಬಸ್ ನೆಲಮಂಗಲ ಟೋಲ್ ಹತ್ರ ಅರ್ಧ ಗಂಟೆ ನಿಂತ್ರೆ ನಿಜ ಗೊತ್ತಾಗತ್ತೆ. ಫಿಲ್ಟರ್, ಏರ್ ಪಂಪ್ ಓಡ್ತಿರೋವಾಗ 54 ಲೀಟರಲ್ಲಿ 30 ಮೀನೂ ಚೆನ್ನಾಗೇ ಕಾಣತ್ತೆ. ಏಪ್ರಿಲ್ ಮಧ್ಯಾಹ್ನ ನಾಲ್ಕು ಗಂಟೆ ಕಾಲ ಕರೆಂಟ್ ಹೋದಾಗ, ನೀವು ಮನೇಲಿ ಇಲ್ದೇ ಇದ್ದಾಗ, ಎಷ್ಟು ಮೀನು ಬದುಕತ್ತೆ? ಅಷ್ಟೇ ನಿಮ್ಮ ಟ್ಯಾಂಕಿನ ನಂಬರ್.

ನಂದು ಮೊದಲ್ನೇ ಟ್ಯಾಂಕ್ ಒಂದೂವರೆ ಅಡಿದು, ಅದರೊಳಗೆ 4 ಗೋಲ್ಡ್ ಫಿಶ್, ಒಂದು ಸಕ್ಕರ್ (ಗಾಜಿಗೆ ಅಂಟ್ಕೊಳ್ಳೋ ಕಪ್ಪು ಮೀನು), ಮೂರು ಮಾಲಿ ಮೀನು. ಐದು ತಿಂಗಳು ಏನೂ ಆಗ್ಲಿಲ್ಲ, ನಾನು ಬೇರೆಯವರಿಗೆ ಬುದ್ಧಿ ಹೇಳೋ ಮಟ್ಟಕ್ಕೆ ಬಂದಿದ್ದೆ. ಒಂದು ರಾತ್ರಿ ಮಳೆಗೆ ಕರೆಂಟ್ ಹೋಯ್ತು, ನಾವು ಮಲಗಿದ್ವಿ, ಬೆಳಿಗ್ಗೆ ಎದ್ದಾಗ ಉಳಿದಿದ್ದು ಸಕ್ಕರ್ ಒಂದೇ. ಅದು ಕೂಡ ನೀರಿನ ಮೇಲೆ ಬಂದು ಗಾಳಿ ಕುಡೀತಿತ್ತು.

ಅಂಗಡೀಲಿ ಇಷ್ಟೇ ಟ್ಯಾಂಕಲ್ಲಿ 50 ಮೀನು ಹಾಕಿರ್ತಾರೆ, ಅಲ್ಲಿ ಸಾಯಲ್ವಲ್ಲ?

ಅಲ್ಲೂ ಸಾಯತ್ತೆ, ನೀವು ಹೋಗೋ ಮುಂಚೆ ಎತ್ತಿರ್ತಾರೆ ಅಷ್ಟೆ. ಆದ್ರೆ ಅಂಗಡಿಯವರನ್ನ ಸುಮ್ನೆ ಬೈಯ್ಯೋದೂ ಸರಿಯಲ್ಲ. ಅಂಗಡಿ ಟ್ಯಾಂಕ್ ಮೀನಿಗೆ ಮನೆಯಲ್ಲ, ಬಸ್ ಸ್ಟ್ಯಾಂಡು. ಚೆನ್ನೈನ ಕೊಳತ್ತೂರು ಕಡೆಯಿಂದ ಪ್ಯಾಕೆಟ್ಟಲ್ಲಿ ಬಂದಿದ್ದು ನಾಲ್ಕೈದು ದಿನದಲ್ಲಿ ಮಾರಿಹೋಗತ್ತೆ, ತಿಂಡಿ ಕಮ್ಮಿ ಹಾಕ್ತಾರೆ, ನೀರು ಪದೇ ಪದೇ ಬದಲಾಯಿಸ್ತಾರೆ, ಇಡೀ ದಿನ ಒಬ್ಬರು ಎದುರಿಗೇ ಇರ್ತಾರೆ. ಮನೇಲಿ ನೀವು 9 ಗಂಟೆಗೆ ಆಫೀಸಿಗೆ ಹೋಗಿ ರಾತ್ರಿ 8ಕ್ಕೆ ಬರೋರು, ಮೀನು ಇರ್ಬೇಕಾಗಿರೋದು ನಾಲ್ಕು ದಿನ ಅಲ್ಲ, ನಾಲ್ಕು ವರ್ಷ.

ಮೀನು ಟ್ಯಾಂಕ್ ಎಷ್ಟಿದ್ಯೋ ಅಷ್ಟಕ್ಕೇ ಬೆಳೆದು ನಿಲ್ಲತ್ತೆ ಅಂತಾರಲ್ಲ?

ಈ ಮಾತು ಎಷ್ಟು ಮೀನು ಸಾಯ್ಸಿದೆಯೋ! ಸಣ್ಣ ಟ್ಯಾಂಕಲ್ಲಿ ಬೆಳವಣಿಗೆ ಕುಂಠಿತ ಆಗೋದು ನಿಜ, ಆದ್ರೆ ಅದು ಮೀನು ಹೊಂದ್ಕೊಂಡಿದ್ದಲ್ಲ, ಕೆಟ್ಟ ನೀರಿಗೆ ಸೊರಗಿದ್ದು. ಬೆನ್ನು ಬಾಗತ್ತೆ, ಇಪ್ಪತ್ತು ವರ್ಷ ಬದುಕೋ ಮೀನು ಎರಡು ವರ್ಷಕ್ಕೆ ಹೋಗತ್ತೆ. ಕುಂಡದಲ್ಲಿ ಇಟ್ಟ ಹಲಸಿನ ಗಿಡ ಚಿಕ್ಕದಾಗೇ ಇದೆ ಅಂತ ಯಾರೂ ಖುಷಿಪಡಲ್ಲ ತಾನೆ.

ಗೋಲ್ಡ್ ಫಿಶ್ ಸೊನ್ನೆ ಅಂದ್ರಲ್ಲ, ಯಾಕೆ? ಎಲ್ರ ಮನೇಲೂ ಅದೇ ಇರತ್ತೆ.

ಎಲ್ರ ಮನೇಲಿ ಇರತ್ತೆ, ಎಷ್ಟು ದಿನ ಇರತ್ತೆ ಅಂತ ಕೇಳಿ. ಗೋಲ್ಡ್ ಫಿಶ್ ನಮ್ಮ ಗೆಂಡೆ ಮೀನಿನ ಸಂಬಂಧಿ. ಉದ್ದ ಮೈಯ ಸಾದಾ ಜಾತಿ ಒಂದಡಿ ಹತ್ರ ಬೆಳೆಯತ್ತೆ, ಗುಂಡಗಿರೋ ಒರಾಂಡಾ, ರ್‍ಯಾಂಚು ಅವೆಲ್ಲ 6ರಿಂದ 8 ಇಂಚು. ಅದಕ್ಕೆ ಹೊಟ್ಟೆಚೀಲ ಅನ್ನೋದೇ ಇಲ್ಲ, ತಿಂದಿದ್ದು ನೇರ ಕರುಳಿಗೆ ಹೋಗತ್ತೆ, ಹಂಗಾಗಿ ಇಡೀ ದಿನ ಕೆರೆದು ತಿಂತಾ ಇರೋ ಸ್ವಭಾವ, ಹಂಗೇ ಇಡೀ ದಿನ ಗಲೀಜು. ಮೇಲಾಗಿ ಅದು ತಣ್ಣೀರಿನ ಮೀನು, ಆಕ್ಸಿಜನ್ ಜಾಸ್ತಿ ಬೇಕು. ನಮ್ಮ ಮಕ್ಕಳು ಕೇಳೋದು ಇದನ್ನೇ, ಅಂಗಡಿಯವರು ಮೊದಲು ತೋರ್ಸೋದೂ ಇದನ್ನೇ, ಬೌಲ್ ಸಮೇತ.

ಸಾಕ್ಲೇಬೇಕು ಅಂದ್ರೆ 3 ಅಡಿಯ 190 ಲೀಟರ್ ಟ್ಯಾಂಕಲ್ಲಿ ಗುಂಡು ಜಾತಿ ಮೂರು, ಫಿಲ್ಟರ್ ಜೋರಾಗಿದ್ರೆ ನಾಲ್ಕು. ಸಾದಾ ಉದ್ದ ಮೈಯದ್ದನ್ನ ಮನೆ ಮುಂದೆ ಸಿಮೆಂಟ್ ತೊಟ್ಟಿ ಇರೋರು ಸಾಕ್ಲಿ, ಅಲ್ಲಿ ರಾಜನ ತರ ಇರತ್ತೆ.

ವಾಸ್ತು ಪ್ರಕಾರ 9 ಮೀನು ಇಡ್ಬೇಕಂತೆ, 8 ಬಂಗಾರದ ಬಣ್ಣ, 1 ಕಪ್ಪು. 2 ಅಡಿ ಟ್ಯಾಂಕಲ್ಲಿ ಆಗತ್ತಾ?

ಈ ಎಂಟು-ಒಂದು ಲೆಕ್ಕ ಚೀನಾದ ಫೆಂಗ್ ಶೂಯಿಯಿಂದ ಬಂದಿದ್ದು, ನಮ್ಮಲ್ಲಿ ವಾಸ್ತು ಅಂತ ಹೆಸರು ಹಾಕ್ಕೊಂಡಿದೆ. ನಂಬಿಕೆ ನಿಮ್ಮದು, ನಾನು ಅದಕ್ಕೆ ಕೈ ಹಾಕಲ್ಲ. ಆದ್ರೆ ಮೀನು ಯಾವ ಜಾತಿ ಅಂತ ಗೋಲ್ಡ್ ಫಿಶ್ಸೇ ಆಗ್ಬೇಕಾ? 8 ಕೆಂಪು-ಕಿತ್ತಳೆ ಪ್ಲಾಟಿ, 1 ಕರೀ ಪ್ಲಾಟಿ, ಎಲ್ಲಾ ಗಂಡೇ ನೋಡಿ ತನ್ನಿ, 9 ಆಯ್ತು, ಬಣ್ಣನೂ ಆಯ್ತು, 2 ಅಡಿಗೆ ಸ್ವಲ್ಪ ಬಿಗಿ ಆದ್ರೂ ನಡೆಯತ್ತೆ. 9 ಗೋಲ್ಡ್ ಫಿಶ್ ಹಾಕಿ ವಾರಕ್ಕೊಂದು ಸಾಯ್ತಾ ಇದ್ರೆ ಮನೆಯವರು ಇನ್ನೂ ಗಾಬರಿ ಆಗ್ತಾರೆ.

ಟ್ಯಾಂಕ್ ಕ್ಲೀನ್ ಮಾಡತ್ತೆ ಅಂತ ಒಂದು ಸಕ್ಕರ್ ಹಾಕ್ಲಾ? ಅದನ್ನ ಲೆಕ್ಕಕ್ಕೆ ತಗೋಬೇಕಾ?

ಮೊದಲು ಅದನ್ನೇ ಲೆಕ್ಕಕ್ಕೆ ತಗೋಬೇಕು. ಎರಡಿಂಚು ಇದ್ದಾಗ ಮಾರೋ ಆ ಕಪ್ಪು ಸಕ್ಕರ್ ದಕ್ಷಿಣ ಅಮೆರಿಕದ ದೊಡ್ಡ ಬೆಕ್ಕುಮೀನು, 40 ಸೆಂಟಿಮೀಟರ್ ದಾಟತ್ತೆ. ಗಾಜಿನ ಪಾಚಿ ಚಿಕ್ಕದಿದ್ದಾಗ ತಿನ್ನತ್ತೆ, ದೊಡ್ಡದಾದ ಮೇಲೆ ನೀವು ಹಾಕೋ ತಿಂಡಿಗೇ ಕಾಯತ್ತೆ. ಕ್ಲೀನ್ ಮಾಡೋದಕ್ಕಿಂತ ಗಲೀಜು ಮಾಡೋದೇ ಜಾಸ್ತಿ, ದಾರದಂಗೆ ಉದ್ದುದ್ದ ಹಿಕ್ಕೆ, ನೋಡಿದವರಿಗೇ ಗೊತ್ತು. ಬೇರೆ ಮೀನಿನ ಹಿಕ್ಕೆ ತಿನ್ನತ್ತೆ ಅನ್ನೋದಂತೂ ಶುದ್ಧ ಸುಳ್ಳು, ಯಾವ ಮೀನೂ ಆ ಕೆಲ್ಸಕ್ಕೆ ಬಂದಿಲ್ಲ, ಅದು ಸೈಫನ್ ಪೈಪ್ ಮತ್ತೆ ನಿಮ್ಮ ಭಾನುವಾರದ ಕೆಲ್ಸ.

ಪಾಚಿಗೆ ಮೀನೇ ಬೇಕು ಅಂದ್ರೆ ಬ್ರಿಸಲ್‌ನೋಸ್ ಕೇಳಿ, ಅದೇ ಕುಟುಂಬ, 12 ಸೆಂಟಿಮೀಟರ್ ಆಸುಪಾಸಿಗೆ ನಿಲ್ಲತ್ತೆ, 3 ಅಡಿ ಟ್ಯಾಂಕಿಗೆ ಒಂದು. ಸಣ್ಣ ಟ್ಯಾಂಕಿಗೆ ನೆರೈಟ್ ಬಸವನಹುಳು ಸಾಕು.

ಪುಟ್ಟ ಶಾರ್ಕ್ ಅಂತ ಮಾರ್ತಾರಲ್ಲ, ತುಂಬಾ ಚೆನ್ನಾಗಿದೆ…

ಅದು ಶಾರ್ಕ್ ಅಲ್ಲ, ಪಂಗಾಸಿಯಸ್. ಹೋಟೆಲಲ್ಲಿ ಬಾಸಾ ಫಿಶ್ ಫ್ರೈ ತಿಂತೀರಲ್ಲ, ಬಹಳಷ್ಟು ಸಲ ಅದೇ. ಒಂದು ಮೀಟರ್ ದಾಟಿ ಬೆಳೆಯೋ ಮೀನು. ಸಿಲ್ವರ್ ಅರೋವಾನಾ 90 ಸೆಂಟಿಮೀಟರ್. ಆಸ್ಕರ್ 30ರ ಮೇಲೆ, ಅದೊಂದಕ್ಕೇ 4 ಅಡಿ ಟ್ಯಾಂಕ್ ಪೂರ್ತಿ ಬೇಕು. ಅಂಗಡೀಲಿ ಮುದ್ದಾಗಿ ಕಂಡಿದ್ದನ್ನ ತರೋ ಮುಂಚೆ ಫೋನ್ ತೆಗೆದು ಪೂರ್ತಿ ಬೆಳೆದಾಗ ಎಷ್ಟು ಉದ್ದ ಅಂತ ನೋಡಿ, ಎರಡು ನಿಮಿಷದ ಕೆಲ್ಸ.

ಹೊಸ ಟ್ಯಾಂಕಿಗೆ ಎಲ್ಲಾ ಮೀನೂ ಒಂದೇ ದಿನ ಬಿಡ್ಬಹುದಾ?

ಬೇಡ. ಇದು ಮುಖ್ಯ, ಸ್ವಲ್ಪ ಉದ್ದಕ್ಕೆ ಹೇಳ್ತೀನಿ.

ಮೀನು ಕಿವಿರಿಂದ, ಹಿಕ್ಕೆಯಿಂದ ಅಮೋನಿಯಾ ಬಿಡತ್ತೆ, ಉಳಿದ ತಿಂಡಿ ಕೊಳೆತ್ರೂ ಅದೇ. ಅಮೋನಿಯಾ ವಿಷ. ಒಂದು ಗುಂಪು ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡತ್ತೆ, ಅದೂ ವಿಷ. ಇನ್ನೊಂದು ಗುಂಪು ನೈಟ್ರೈಟನ್ನ ನೈಟ್ರೇಟ್ ಮಾಡತ್ತೆ, ಇದು ಸ್ವಲ್ಪ ಇದ್ರೆ ತೊಂದ್ರೆ ಇಲ್ಲ, ವಾರದ ನೀರು ಬದಲಾವಣೇಲಿ ಹೋಗತ್ತೆ. ಈ ಬ್ಯಾಕ್ಟೀರಿಯಾ ಇರೋದು ನೀರಲ್ಲಲ್ಲ, ಫಿಲ್ಟರ್ ಸ್ಪಾಂಜಲ್ಲಿ, ಗ್ರಾವೆಲ್ ಮೇಲೆ. ಹೊಸ ಟ್ಯಾಂಕಲ್ಲಿ ಅದು ಬೆಳೆದು ನಿಲ್ಲೋದಕ್ಕೆ 4ರಿಂದ 6 ವಾರ ಹಿಡಿಯತ್ತೆ.

ಮದುವೆ ಛತ್ರದಲ್ಲಿ ಎಲೆ ಎತ್ತೋರು ಇರ್ತಾರಲ್ಲ, ಈ ಬ್ಯಾಕ್ಟೀರಿಯಾ ಅವರ ತರ. 50 ಜನದ ಪಂಕ್ತಿಗೆ ಇಬ್ಬರು ಸಾಕು. ಸಡನ್ನಾಗಿ 300 ಜನ ಕೂತ್ಬಿಟ್ರೆ ಎಲೆ ಎತ್ತೋರು ಆ ಕ್ಷಣಕ್ಕೆ ಹುಟ್ಟಿ ಬರಲ್ಲ, ಎಂಜಲು ಎಲೆ ಮುಂದೇನೇ ಎರಡನೇ ಪಂಕ್ತಿ ಕೂರ್ಬೇಕು. ಹಂಗಾಗಿ ಮೊದಲು 3-4 ಗಟ್ಟಿ ಮೀನು, ಎರಡು ವಾರ ಬಿಟ್ಟು ಇನ್ನೊಂದು 3-4, ಹೀಗೆ. ಯಾರಾದ್ರೂ ಗೆಳೆಯರ ಹತ್ರ ಹಳೇ, ಆರೋಗ್ಯವಾಗಿರೋ ಟ್ಯಾಂಕ್ ಇದ್ರೆ ಅವರ ಫಿಲ್ಟರ್ ಸ್ಪಾಂಜಿಂದ ಒಂದು ತುಂಡು ಇಸ್ಕೊಂಡು ಬಂದು ನಿಮ್ಮ ಫಿಲ್ಟರಿಗೆ ತುರುಕಿ, ಹೆಪ್ಪು ಹಾಕೋದಕ್ಕೆ ಪಕ್ಕದ ಮನೆಯಿಂದ ಮೊಸರು ತಂದಂಗೆ, ಬೇಗ ಆಗತ್ತೆ.

ಮತ್ತೆ ಆ ಸ್ಪಾಂಜನ್ನ ನಲ್ಲಿ ಕೆಳಗೆ ಹಿಡಿದು ತೊಳೀಬೇಡಿ, ಕ್ಲೋರಿನ್ನಿಗೆ ಎಲ್ಲಾ ಸಾಯತ್ತೆ. ಟ್ಯಾಂಕಿಂದ ತೆಗೆದ ನೀರಲ್ಲೇ ಎರಡ್ಸಲ ಹಿಂಡಿದ್ರೆ ಸಾಕು.

ಮೀನು ಜಾಸ್ತಿ ಆಗಿದೆ ಅಂತ ಟೆಸ್ಟ್ ಮಾಡಿ ತಿಳ್ಕೊಳ್ಳೋಕಾಗತ್ತಾ?

ಆಗತ್ತೆ, ಇದೇ ಎಲ್ಲಕ್ಕಿಂತ ನಂಬೋ ಲೆಕ್ಕ. ಹನಿ ಹಾಕಿ ಬಣ್ಣ ನೋಡೋ ಟೆಸ್ಟ್ ಕಿಟ್ ತಗೊಳ್ಳಿ, ಮೀನಿಗಿಂತ ದುಬಾರಿ ಅನ್ಸತ್ತೆ, ಆದ್ರೂ ತಗೊಳ್ಳಿ. ಹಳೇ ಟ್ಯಾಂಕಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರ್ಬೇಕು. ಸೊನ್ನೆ ಇಲ್ಲ ಅಂದ್ರೆ ಒಂದೋ ಮೀನು ಜಾಸ್ತಿ, ಇಲ್ಲಾ ತಿಂಡಿ ಜಾಸ್ತಿ, ಇಲ್ಲಾ ಫಿಲ್ಟರ್ ಸತ್ತಿದೆ.

ಎರಡೂ ಸೊನ್ನೆ ಇದ್ರೆ ನೈಟ್ರೇಟ್ ನೋಡಿ. ನೀರು ಬದಲಾಯಿಸಿದ ದಿನ ಒಂದ್ಸಲ, ಮುಂದಿನ ಬದಲಾವಣೆಗೆ ಮುಂಚೆ ಒಂದ್ಸಲ. ವಾರಕ್ಕೆ 10 ಪಿಪಿಎಂ (ಅಂದ್ರೆ ಲೀಟರಿಗೆ 10 ಮಿಲಿಗ್ರಾಂ) ಏರ್ತಿದೆ, ನೀವು ವಾರಕ್ಕೆ ಕಾಲು ಭಾಗ ನೀರು ಬದಲಾಯಿಸ್ತೀರಿ ಅನ್ಕೊಳ್ಳಿ. ಕೆಲವು ತಿಂಗಳಲ್ಲಿ ಅದು 40ಕ್ಕೆ ಹೋಗಿ ಅಲ್ಲೇ ನಿಲ್ಲತ್ತೆ, ಹೆಂಗೆ ಅಂದ್ರೆ 40ರಲ್ಲಿ ಕಾಲು ಭಾಗ ತೆಗೆದ್ರೆ 30, ವಾರದಲ್ಲಿ ಮತ್ತೆ 10 ಸೇರಿ 40. ಅರ್ಧ ನೀರು ಬದಲಾಯಿಸಿದ್ರೆ 20ಕ್ಕೆ ನಿಲ್ಲತ್ತೆ. 20-40ರ ಒಳಗೆ ಇಟ್ಕೊಳ್ಳೋದು ಗುರಿ. ವಾರಕ್ಕೆ 25 ಏರ್ತಿದ್ರೆ ಕಾಲು ಭಾಗದ ಬದಲಾವಣೇಲಿ ಅದು ನೂರಕ್ಕೆ ಹೋಗಿ ಕೂರತ್ತೆ, ಆಗ ಮೀನು ಕಮ್ಮಿ ಮಾಡ್ಬೇಕು, ಇಲ್ಲಾ ನಿಮ್ಮ ಬಕೆಟ್ ಹೊರೋ ಶಕ್ತಿ ಜಾಸ್ತಿ ಮಾಡ್ಕೋಬೇಕು.

ಈ ಲೆಕ್ಕ ಮಾಡೋ ಮುಂಚೆ ನಲ್ಲಿ ನೀರನ್ನೇ ಒಂದ್ಸಲ ಟೆಸ್ಟ್ ಮಾಡಿ. ಹೊಲ ಗದ್ದೆ ಪಕ್ಕದ ಬೋರ್‌ವೆಲ್ ನೀರಲ್ಲಿ ಗೊಬ್ಬರದ ನೈಟ್ರೇಟ್ ಮೊದಲೇ ಇರತ್ತೆ, ಕುಡಿಯೋ ನೀರಿಗೇ ಮಿತಿ 45 ಇದೆ, ಅದನ್ನ ದಾಟಿರೋ ಬೋರ್ ನಮ್ಮ ರಾಜ್ಯದಲ್ಲೂ ಇವೆ. ಅಂಥ ನೀರಲ್ಲಿ ಎಷ್ಟು ಬದಲಾಯಿಸಿದ್ರೂ ಇಳಿಯಲ್ಲ.

ಕಾವೇರಿ ನೀರಾ, ಬೋರ್ ನೀರಾ? ಅದಕ್ಕೂ ಮೀನಿನ ಸಂಖ್ಯೆಗೂ ಸಂಬಂಧ ಇದ್ಯಾ?

ಇದೆ. ಕಾವೇರಿ ನೀರಲ್ಲಿ ಕ್ಲೋರಿನ್ ಇರತ್ತೆ, ಬಕೆಟ್ಟಲ್ಲಿ ಒಂದು ದಿನ ಇಡಿ ಅಥವಾ ಆ್ಯಂಟಿ ಕ್ಲೋರಿನ್ ಹನಿ ಹಾಕಿ. ಬೋರ್ ನೀರು ಗಡಸು, ಪಿಹೆಚ್ ಎಷ್ಟೋ ಕಡೆ 8ರ ಹತ್ರ. ಪಿಹೆಚ್ 7ರಲ್ಲಿ ಅಮೋನಿಯಾದ ಹೆಚ್ಚಿನ ಪಾಲು ಅಷ್ಟು ಕಾಟ ಕೊಡದ ರೂಪದಲ್ಲಿರತ್ತೆ, 8ಕ್ಕೆ ಹೋದ್ರೆ ಅಷ್ಟೇ ಅಮೋನಿಯಾದಲ್ಲಿ ವಿಷದ ಪಾಲು ಹತ್ತಿರ ಹತ್ತಿರ 10 ಪಟ್ಟು. ಅಂದ್ರೆ ಬೋರ್ ನೀರಿನ ಟ್ಯಾಂಕಿಗೆ ತಪ್ಪು ಮಾಡೋ ಅವಕಾಶ ಕಮ್ಮಿ, ಮೀನು ಸ್ವಲ್ಪ ಕಮ್ಮಿನೇ ಇರ್ಲಿ. ಗಪ್ಪಿ, ಮಾಲಿ, ಪ್ಲಾಟಿಗೆ ಗಡಸು ನೀರು ಖುಷಿ, ನಿಯಾನ್ ಟೆಟ್ರಾಗೆ ಬೇಡ. ಬರೀ ಆರ್‌ಒ ನೀರು ತುಂಬ್ಸಬೇಡಿ, ಅದರಲ್ಲಿ ಖನಿಜ ಇರಲ್ಲ.

2024ರ ಬೇಸಿಗೇಲಿ ಬೆಂಗಳೂರಲ್ಲಿ ನೀರಿಗೆ ಹಾಹಾಕಾರ ಆದಾಗ ಕಾರು ತೊಳೆಯೋದಕ್ಕೇ ದಂಡ ಹಾಕಿದ್ರು, ಆಗ ಟ್ಯಾಂಕರ್ ನೀರಲ್ಲಿ ವಾರಕ್ಕೆ 60 ಲೀಟರ್ ಮೀನಿಗೆ ಅಂದ್ರೆ ಮನೇಲಿ ಯಾರು ಒಪ್ತಾರೆ. ಮೀನು ಕಮ್ಮಿ ಇದ್ದೋರು ಎರಡು ವಾರಕ್ಕೊಮ್ಮೆ ಬದಲಾಯಿಸಿ ಬಚಾವಾದ್ರು. ತೆಗೆದ ನೀರು ಗಿಡಕ್ಕೆ ಹಾಕಿ, ತುಳಸಿ ಕರಿಬೇವು ಎರಡೂ ಸೊಂಪಾಗಿ ಬರತ್ತೆ.

ದೊಡ್ಡ ಕ್ಯಾನಿಸ್ಟರ್ ಫಿಲ್ಟರ್ ಹಾಕ್ತೀನಿ, ಆಗ ಡಬಲ್ ಮೀನು ಹಾಕ್ಬಹುದಾ?

ಫಿಲ್ಟರ್ ಅಮೋನಿಯಾ ನೋಡ್ಕೊಳ್ಳತ್ತೆ, ನೈಟ್ರೇಟ್ ತೆಗೆಯಲ್ಲ, ಜಾಗ ಹುಟ್ಸಲ್ಲ, ಜಗಳ ಬಿಡ್ಸಲ್ಲ. ಗಂಟೆಗೆ ಟ್ಯಾಂಕಿನ ನೀರಿನ 4-5 ಪಟ್ಟು ಹರಿಸೋ ಫಿಲ್ಟರ್ ಸಾಕು. ಅದಕ್ಕಿಂತ ದೊಡ್ಡದು ಹಾಕಿದ್ರೆ ಒಳ್ಳೇದೇ, ಆದ್ರೆ ಮೀನು ಸೇರ್ಸೋದಕ್ಕಲ್ಲ.

ಗಿಡ ಇದ್ರೆ?

ಗಿಡ ಅಮೋನಿಯಾ, ನೈಟ್ರೇಟ್ ಎರಡೂ ಹೀರತ್ತೆ, ಮರಿಗಳಿಗೆ ಅಡಗೋ ಜಾಗ. ಹೈಡ್ರಿಲ್ಲಾ, ಜಾವಾ ಫರ್ನ್, ಮೇಲೆ ತೇಲೋ ಗಿಡ ಏನಾದ್ರೂ ಹಾಕಿ, ಮನಿ ಪ್ಲಾಂಟ್ ಬೇರು ನೀರಿಗೆ ಇಳಿಬಿಟ್ರೂ ಕೆಲ್ಸ ಮಾಡತ್ತೆ. ಒಂದು ಎಚ್ಚರ: ರಾತ್ರಿ ಲೈಟ್ ಆಫ್ ಆದ್ಮೇಲೆ ಗಿಡನೂ ಆಕ್ಸಿಜನ್ ಎಳೆಯತ್ತೆ. ಹಂಗಾಗಿ ಟ್ಯಾಂಕಲ್ಲಿ ಆಕ್ಸಿಜನ್ ಎಲ್ಲಕ್ಕಿಂತ ಕಮ್ಮಿ ಇರೋದು ಬೆಳಗಿನ ಜಾವ. ಮೀನು ಜಾಸ್ತಿ ಆಗಿದ್ಯಾ ಅಂತ ಡೌಟ್ ಇದ್ರೆ ಐದೂವರೆಗೆ ಎದ್ದು ಲೈಟ್ ಹಾಕ್ದೇ ನೋಡಿ, ಎಲ್ಲಾ ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ರೆ ಉತ್ತರ ಸಿಕ್ತು.

4 ಗಪ್ಪಿ ತಂದಿದ್ದೆ, ಈಗ 60 ಇದೆ. ಏನ್ ಮಾಡ್ಲಿ?

ಶುಭಾಶಯ. ಗಪ್ಪಿ ಮೊಟ್ಟೆ ಇಡಲ್ಲ, ತಿಂಗಳಿಗೊಂದ್ಸಲ ಮರಿ ಹಾಕತ್ತೆ, ಒಂದ್ಸಲಕ್ಕೆ 20-30, ದೊಡ್ಡ ಹೆಣ್ಣು ಇನ್ನೂ ಜಾಸ್ತಿ. ಗಂಡನ್ನ ಬೇರೆ ಮಾಡಿದ್ರೂ ಹೆಣ್ಣು ಒಂದ್ಸಲ ಕೂಡಿದ್ದನ್ನ ಒಳಗೆ ಇಟ್ಕೊಂಡು ತಿಂಗಳುಗಟ್ಟಲೆ ಮರಿ ಹಾಕ್ತಾನೇ ಇರತ್ತೆ. ಲೆಕ್ಕ ಕೈಲಿರ್ಬೇಕು ಅಂದ್ರೆ ಬರೀ ಗಂಡು ತನ್ನಿ, ಬಣ್ಣ ಇರೋದೂ ಅವಕ್ಕೇ. ಮಾಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಎಲ್ಲಾ ಇದೇ ಕಥೆ. ಜಾಸ್ತಿ ಆಗಿರೋದನ್ನ ಗೆಳೆಯರಿಗೆ ಕೊಡಿ, ಅಂಗಡಿಯವರು ಎಷ್ಟೋ ಸಲ ತಿಂಡಿ ಪ್ಯಾಕೆಟ್ ಕೊಟ್ಟು ತಗೋತಾರೆ. ಕೋಲಾರದ ಕಡೆ ಮಲೇರಿಯಾ ಸೊಳ್ಳೆ ಮರಿ ತಿನ್ನಲಿ ಅಂತ ಬಾವಿಗಳಿಗೆ ಗಪ್ಪಿ ಬಿಟ್ಟಿದ್ದುಂಟು, ಆದ್ರೆ ಅದು ಆರೋಗ್ಯ ಇಲಾಖೆ ನೋಡಿ ಮಾಡೋ ಕೆಲ್ಸ, ನೀವು ಹೋಗಿ ಕೆರೆಗೆ ಸುರೀಬೇಡಿ.

ಬೇರೆ ಬೇರೆ ಜಾತಿ ಎರಡೆರಡು ಹಾಕಿದ್ರೆ ಚೆನ್ನಾಗಿ ಕಾಣತ್ತಲ್ವಾ?

ನಿಮಗೆ ಚೆನ್ನಾಗಿ ಕಾಣತ್ತೆ. ಟೆಟ್ರಾ, ಬಾರ್ಬ್, ಡೇನಿಯೋ, ಕೋರಿ ಇವೆಲ್ಲ ಗುಂಪಲ್ಲಿ ಬದುಕೋವು, ಕನಿಷ್ಠ 6. ಎರಡೇ ಇದ್ರೆ ಮೂಲೇಲಿ ಹೆದ್ರಿ ನಿಲ್ಲತ್ತೆ. ಟೈಗರ್ ಬಾರ್ಬ್ ಮೂರು ಹಾಕಿದ್ರೆ ಬೇರೆಯವರ ರೆಕ್ಕೆ ಕಚ್ಚತ್ತೆ, ಎಂಟು ಹಾಕಿದ್ರೆ ತಮ್ಮತಮ್ಮಲ್ಲೇ ಓಡಾಡ್ಕೊಂಡಿರತ್ತೆ. ಹಂಗಾಗಿ ಕೆಲವು ಸಲ ಮೀನು ಜಾಸ್ತಿ ಮಾಡೋದೇ ಸರಿ, ಜಾತಿ ಕಮ್ಮಿ ಮಾಡಿ. ನಮ್ಮ ಪಶ್ಚಿಮ ಘಟ್ಟದ್ದೇ ಮಿಸ್ ಕೇರಳ ಅಂತ ಕೆಂಪು ಗೆರೆ ಮೀನಿದೆ, ನೋಡಿದ್ರೆ ಬಿಡೋಕೆ ಮನಸ್ಸಾಗಲ್ಲ, ಆದ್ರೆ ಅದೂ ಗುಂಪಿಂದು, ಅರ್ಧ ಅಡಿ ತನಕ ಬೆಳೆಯತ್ತೆ, ಹರಿಯೋ ನದೀದು, ಕಾಡಲ್ಲಿ ಅಳಿವಿನ ಅಂಚಿಗೆ ಬಂದಿದೆ. 2 ಅಡಿ ಟ್ಯಾಂಕಿಗೆ ಒಂದೇ ಒಂದು ತರೋರನ್ನ ನೋಡಿದ್ರೆ ಬೇಜಾರಾಗತ್ತೆ.

ಬೌಲಲ್ಲಿ ಒಂದಾದ್ರೂ ಇಡ್ಬಹುದಾ? ಬೆಟ್ಟಾ?

ಬೆಟ್ಟಾ ನೀರಿನ ಮೇಲೆ ಬಂದು ಗಾಳಿನೇ ಕುಡಿಯತ್ತೆ, ಅದಕ್ಕೆ ಅಂತ ತಲೇಲಿ ಬೇರೆ ಅಂಗನೇ ಇದೆ, ಹಂಗಾಗಿ ಬೌಲಲ್ಲಿ ತಕ್ಷಣ ಸಾಯಲ್ಲ. ತಕ್ಷಣ ಸಾಯಲ್ಲ ಅನ್ನೋದಕ್ಕೂ ಚೆನ್ನಾಗಿದೆ ಅನ್ನೋದಕ್ಕೂ ವ್ಯತ್ಯಾಸ ಇದೆ. 20 ಲೀಟರ್, ಸಣ್ಣ ಸ್ಪಾಂಜ್ ಫಿಲ್ಟರ್, ಒಂದು ಗಂಡು ಬೆಟ್ಟಾ. ಎರಡು ಗಂಡು ಹಾಕಿದ್ರೆ ಒಂದೇ ಉಳಿಯತ್ತೆ, ಅದೂ ಹರಿದ ರೆಕ್ಕೇಲಿ. ಬೌಲ್ ಇದ್ದೇ ಇದೆ ಅಂದ್ರೆ ಅದರಲ್ಲಿ ಗಿಡ ಬೆಳೆಸಿ.

ಕರೆಂಟ್ ಹೋದಾಗ ಏನ್ ಮಾಡ್ಬೇಕು?

ಏರ್ ಪಂಪ್ ಎಳೆಯೋದು ಮೂರ್ನಾಲ್ಕು ವ್ಯಾಟ್, ಅದೊಂದನ್ನ ಯುಪಿಎಸ್ ಲೈನಿಗೆ ಕೊಡ್ಸಿ. ಯುಪಿಎಸ್ ಇಲ್ಲ ಅಂದ್ರೆ ಸೆಲ್ ಹಾಕೋ ಏರ್ ಪಂಪ್ ಸಿಗತ್ತೆ. ಎರಡೂ ಇಲ್ಲ ಅಂದ್ರೆ ಚೊಂಬು ತಗೊಂಡು ನೀರೆತ್ತಿ ಒಂದಡಿ ಮೇಲಿಂದ ವಾಪಸ್ ಸುರೀರಿ, ಹತ್ತು ನಿಮಿಷಕ್ಕೊಂದ್ಸಲ, ಕೈ ನೋಯತ್ತೆ, ಮೀನು ಉಳಿಯತ್ತೆ. ತಿಂಡಿ ಹಾಕ್ಬೇಡಿ. ಗುಳ್ಳೆ ನೋಡಿ ಸಮಾಧಾನ ಪಡೋರಿಗೆ ಒಂದು ಮಾತು, ಆಕ್ಸಿಜನ್ ಹೆಚ್ಚಾಗಿ ಹೋಗೋದು ಗುಳ್ಳೆಯಿಂದಲ್ಲ, ಗುಳ್ಳೆ ಮೇಲೆ ಬಂದು ನೀರಿನ ಮೈ ಕಲಕೋದ್ರಿಂದ.

ಬೇಸಿಗೆ ಆದ್ರೆ ಇನ್ನೂ ಕಷ್ಟ. 20 ಡಿಗ್ರಿ ನೀರಲ್ಲಿ ಲೀಟರಿಗೆ 9 ಮಿಲಿಗ್ರಾಂ ಆಕ್ಸಿಜನ್ ಹಿಡಿಯತ್ತೆ, 30 ಡಿಗ್ರೀಲಿ ಏಳೂವರೆ, ಅದೇ ಹೊತ್ತಿಗೆ ಮೀನಿಗೆ ಬೇಕಾಗೋದು ಜಾಸ್ತಿ. ಕಲಬುರಗಿ, ರಾಯಚೂರು ಕಡೆಯವರು ಬೆಂಗಳೂರಿನವರು ಹೇಳೋ ನಂಬರಿಗಿಂತ ಕಾಲು ಭಾಗ ಕಮ್ಮಿ ಮೀನು ಇಟ್ಕೊಳ್ಳಿ ಅಂತ ನನ್ನ ಅಭಿಪ್ರಾಯ.

ಹಬ್ಬಕ್ಕೆ ಒಂದು ವಾರ ಊರಿಗೆ ಹೋಗ್ತೀವಿ, ತಿಂಡಿ?

ಆರೋಗ್ಯವಾಗಿರೋ, ಪೂರ್ತಿ ಬೆಳೆದ ಮೀನು 5-6 ದಿನ ಉಪವಾಸ ಇದ್ರೆ ಏನೂ ಆಗಲ್ಲ. ಪಕ್ಕದ ಮನೆ ಹುಡುಗನಿಗೆ ಡಬ್ಬಿ ಕೊಟ್ಟು ಹೋಗ್ಬೇಡಿ, ಪಾಪ ಅವನು ಪ್ರೀತಿಯಿಂದ ಮುಷ್ಟಿ ಮುಷ್ಟಿ ಹಾಕ್ತಾನೆ. ಕೊಡ್ಲೇಬೇಕು ಅಂದ್ರೆ ಒಂದೊಂದು ದಿನದ್ದು ಒಂದೊಂದು ಚಿಕ್ಕ ಪೊಟ್ಟಣ ಕಟ್ಟಿ, ಡಬ್ಬಿ ಬೀರುವಲ್ಲಿಟ್ಟು ಬೀಗ ಹಾಕಿ.

ನಂದು ಈಗಾಗ್ಲೇ ಓವರ್ ಆಗಿದೆ ಅಂತ ಇದನ್ನ ಓದಿ ಗೊತ್ತಾಯ್ತು. ಈಗ?

ಗಾಬರಿ ಬೇಡ. ಇವತ್ತಿಂದ ತಿಂಡಿ ಅರ್ಧ ಮಾಡಿ, ವಾರಕ್ಕೆರಡು ಸಲ ಕಾಲು ಭಾಗ ನೀರು ಬದಲಾಯಿಸಿ, ಎರಡನೇದೊಂದು ಸ್ಪಾಂಜ್ ಫಿಲ್ಟರ್ ಸೇರ್ಸಿ. ಇದ್ರಿಂದ ಒಂದೆರಡು ತಿಂಗಳು ಟೈಮ್ ಸಿಗತ್ತೆ. ಅಷ್ಟ್ರೊಳಗೆ ಯಾವ್ದು ದೊಡ್ಡದಾಗತ್ತೋ ಅದನ್ನ ಮೊದಲು ಕಳಿಸಿ, ಸಣ್ಣದನ್ನಲ್ಲ. ಹತ್ತು ಟೆಟ್ರಾ ಕೊಡೋದಕ್ಕಿಂತ ಒಂದು ಸಕ್ಕರ್ ಕೊಟ್ರೆ ಟ್ಯಾಂಕು ಹಗುರಾಗತ್ತೆ. ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಮುತ್ತ ಕೇಳಿ, ದೊಡ್ಡ ಮೀನು ವಾಪಸ್ ತಗೊಳ್ಳೋ ಅಂಗಡಿ ಯಾವ್ದಾದ್ರೂ ಸಿಗ್ಬಹುದು, ದುಡ್ಡು ಕೊಡಲ್ಲ, ಕೇಳ್ಲೂಬೇಡಿ.

ಕೆರೆಗೆ ಮಾತ್ರ ಬಿಡ್ಬೇಡಿ. ಪುಣ್ಯ ಬರತ್ತೆ ಅಂತ ಬಿಡ್ತಾರೆ. ದಕ್ಷಿಣ ಭಾರತದ ಎಷ್ಟೋ ಕೆರೆ, ಹೊಳೇಲಿ ಈಗ ಸಕ್ಕರ್ ತುಂಬ್ಕೊಂಡಿದೆ, ದಡ ಕೊರೆದು ಗೂಡು ಮಾಡತ್ತೆ, ಮುಳ್ಳಿನ ಮೈಗೆ ಸಿಕ್ಕಿ ಮೀನುಗಾರರ ಬಲೆ ಹರಿಯತ್ತೆ, ತಿನ್ನೋರೂ ಇಲ್ಲ ಕೊಳ್ಳೋರೂ ಇಲ್ಲ. ನಂದು ಆ ರಾತ್ರಿ ಉಳಿದ ಸಕ್ಕರ್ ಆಮೇಲೆ ಪರಿಚಯದವರೊಬ್ಬರ 6 ಅಡಿ ಟ್ಯಾಂಕಿಗೆ ಹೋಯ್ತು, ಹೋದ ವರ್ಷ ನೋಡಿ ಬಂದೆ, ನನ್ನ ಮೊಣಕೈಯಿಂದ ಬೆರಳ ತುದಿ ತನಕ ಇದೆ.